ಅರ್ಥಶಾಸ್ತ್ರದ ಉನ್ನತ ವ್ಯಾಸಂಗ: ಬೆಳೆಗಾರರ ಮಕ್ಕಳು ಯಾವ ವಿಭಾಗ ಆರಿಸಿಕೊಳ್ಳಬಹುದು?

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಸಂಘಕ್ಕೆ ಅಡಿಕೆ ತರುವ ಸದಸ್ಯರ ನಡುವೆ ಧಾರಣೆಗಿಂತಲೂ ಮಕ್ಕಳ ಮುಂದಿನ ಓದಿನ ಮಾತೇ ಹೆಚ್ಚಾಗಿ ಕೇಳಿಬರುತ್ತದೆ. ಇಂಜಿನಿಯರಿಂಗ್, ವೈದ್ಯಕೀಯ, ಬಿ.ಕಾಂ. ಇವುಗಳ ವಿಚಾರ ಎಲ್ಲರಿಗೂ ಅಷ್ಟಿಷ್ಟು ಗೊತ್ತಿದೆ. "ಅರ್ಥಶಾಸ್ತ್ರ ಓದಿದರೆ ಮುಂದೇನು?" ಎಂದು ಕೇಳಿದರೆ ಮಾತ್ರ "ಬ್ಯಾಂಕಿಗೆ ಸೇರಬಹುದು, ಇಲ್ಲವೇ ಮೇಷ್ಟರಾಗಬಹುದು" ಎಂಬಲ್ಲಿಗೆ ಉತ್ತರ ಮುಗಿದುಹೋಗುತ್ತದೆ. ಎರಡು-ಮೂರು ಎಕರೆ ತೋಟದ ಉತ್ಪತ್ತಿಯಲ್ಲಿ ಮಗಳನ್ನೋ ಮಗನನ್ನೋ ಐದು ವರ್ಷ ದೂರದ ಊರಿನಲ್ಲಿಟ್ಟು ಓದಿಸಬೇಕಾದ ಕುಟುಂಬಕ್ಕೆ ಇಷ್ಟು ಉತ್ತರ ಸಾಲದು. ಆದಕಾರಣ ಈ ಶಾಸ್ತ್ರದಲ್ಲಿ ಏನಿದೆ, ಅದರ ವಿಶೇಷ ವಿಭಾಗಗಳು ಯಾವುವು, ಯಾವ ದಾರಿಗೆ ಯಾವ ತಯಾರಿ ಬೇಕು ಎಂಬುದನ್ನು ನಮ್ಮ ತೋಟಗಳ ಉದಾಹರಣೆಯೊಂದಿಗೇ ಇಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. ಅರ್ಥಶಾಸ್ತ್ರ ಬೇರೆ, ವಾಣಿಜ್ಯಶಾಸ್ತ್ರ ಬೇರೆ. ಬಿ.ಕಾಂ. ವಿದ್ಯಾರ್ಥಿ ಲೆಕ್ಕಪತ್ರ, ಲೆಕ್ಕ ಪರಿಶೋಧನೆ, ತೆರಿಗೆ, ಕಂಪೆನಿ ಕಾನೂನು ಇತ್ಯಾದಿಗಳನ್ನು ಕಲಿಯುತ್ತಾನೆ. ನಡೆದುಹೋದ ವ್ಯವಹಾರವನ್ನು ಸರಿಯಾಗಿ ದಾಖಲಿಸುವುದು ಅಲ್ಲಿಯ ಮುಖ್ಯ ವಿದ್ಯೆ. ಅರ್ಥಶಾಸ್ತ್ರದ ವಿದ್ಯಾರ್ಥಿ ಕೇಳುವ ಪ್ರಶ್ನೆಯೇ ಬೇರೆ. ಒಬ್ಬ ಸದಸ್ಯರ ಅಟ್ಟದಲ್ಲಿ 10 ಕ್ವಿಂಟಾಲ್ ಚಾಲಿ ಅಡಿಕೆ ಇದೆ ಎನ್ನೋಣ. ಧಾರಣೆ ಕಿಲೋಗೆ 400 ರೂ. (ಇದು ಲೆಕ್ಕಕ್ಕಾಗಿ ಹಿಡಿದ ಅಂಕಿ, ಪೇಟೆ ಧಾರಣೆ ಎಂದು ಯಾರೂ ಭಾವಿಸಬಾರದು.) ಈಗಲೇ ಮಾರಿದರೆ 4 ಲಕ್ಷ ರೂ. ಕೈಗೆ ಬಂದು, ಶೇ. 9 ಬಡ್ಡಿಯ ಸಾಲ ಅಷ್ಟರಮಟ್ಟಿಗೆ ತೀರುತ್ತದೆ. ಆರು ತಿಂಗಳು ಇಟ್ಟುಕೊಂಡರೆ ಬಡ್ಡಿಯೇ 18,000 ರೂ. ಒಣಗಿ, ಹುಳ ಹಿಡಿದು ಶೇ. 2 ತೂಕ ಹೋದರೆ ಉಳಿಯುವುದು 980 ಕಿಲೋ. ಅಂದರೆ ಆರು ತಿಂಗಳ ಬಳಿಕ ಕಿಲೋಗೆ ಸುಮಾರು 427 ರೂ. ಸಿಕ್ಕಿದರೆ ಮಾತ್ರ ಕಾದದ್ದಕ್ಕೆ ನಷ್ಟವಿಲ್ಲ. ಲಾಭದ ಮಾತು ಅದರ ಮೇಲಿನದು. ಸಾಲವೇ ಇಲ್ಲದವರಿಗೂ ಈ ಲೆಕ್ಕ ತಪ್ಪುವುದಿಲ್ಲ. ಆ 4 ಲಕ್ಷವನ್ನು ಬೇರೆ ಕಡೆ ತೊಡಗಿಸಿ ಪಡೆಯಬಹುದಾಗಿದ್ದ ಆದಾಯವನ್ನು ಅವರು ಬಿಟ್ಟಿರುತ್ತಾರೆ. ಇದಕ್ಕೆ ಅವಕಾಶ ವೆಚ್ಚ ಎಂದು ಹೆಸರು. ಯಾವ ಜಮಾ-ಖರ್ಚಿನ ಪುಸ್ತಕದಲ್ಲಿಯೂ ಕಾಣಿಸದ ಈ ಖರ್ಚನ್ನು ಕಾಣುವುದೇ ಅರ್ಥಶಾಸ್ತ್ರದ ಮೊದಲ ಪಾಠ.

ವಿಶೇಷ ವಿಭಾಗದ ವಿಚಾರಕ್ಕೆ ಬರುವ ಮುನ್ನ ಬುನಾದಿಯ ಮಾತು. ಯಾವ ವಿಶ್ವವಿದ್ಯಾಲಯದಲ್ಲಿ ಓದಿದರೂ ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ಗಣಿತ ಈ ನಾಲ್ಕು ಕಂಬಗಳ ಮೇಲೆಯೇ ಉಳಿದದ್ದೆಲ್ಲ ನಿಲ್ಲುತ್ತದೆ. ಒಬ್ಬ ಬೆಳೆಗಾರ, ಒಬ್ಬ ವ್ಯಾಪಾರಿ, ಒಂದು ಪೇಟೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಸೂಕ್ಷ್ಮದ ವಿಷಯ. ಇಡೀ ದೇಶದ ಉತ್ಪನ್ನ, ಹಣದುಬ್ಬರ, ಬಡ್ಡಿದರ, ರೂಪಾಯಿಯ ವಿನಿಮಯ ಬೆಲೆ ಇವು ಸಮಗ್ರದ ವಿಷಯ.

ಗಣಿತವೆಂದೊಡನೆ ಅನೇಕರು ಹಿಂಜರಿಯುತ್ತಾರೆ. ಪೋಷಕರು ಅತ್ಯಂತ ಎಚ್ಚರಿಕೆಯಿಂದ ಇರಬೇಕಾದ ಘಟ್ಟವೂ ಇದೇ. ಹತ್ತನೆಯ ತರಗತಿ ಮುಗಿಸಿದ ಹದಿನೈದು-ಹದಿನಾರರ ಮಗು "ನನಗೆ ಲೆಕ್ಕ ಬೇಡ" ಎಂದು ಗಣಿತವಿಲ್ಲದ ಕಾಂಬಿನೇಷನ್ ಆರಿಸಿಕೊಂಡರೆ, ಐದಾರು ವರ್ಷಗಳ ಮೇಲೆ ಸಿಗಬಹುದಾದ ಹಲವು ಬಾಗಿಲುಗಳು ಅಂದೇ ಮುಚ್ಚಿಹೋಗುತ್ತವೆ. ದೆಹಲಿ ವಿಶ್ವವಿದ್ಯಾಲಯದ ಬಿ.ಎ. (ಆನರ್ಸ್) ಅರ್ಥಶಾಸ್ತ್ರಕ್ಕೆ 2022ರಿಂದ ಸಿ.ಯು.ಇ.ಟಿ. ಎಂಬ ಅಖಿಲ ಭಾರತ ಪರೀಕ್ಷೆ ಬರೆಯಬೇಕು. ಅದರಲ್ಲಿ ಗಣಿತದ ಪತ್ರಿಕೆ ಕಡ್ಡಾಯ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ತನ್ನ ಕಲ್ಕತ್ತಾ ಮತ್ತು ದೆಹಲಿ ಕೇಂದ್ರಗಳಲ್ಲಿ ನಡೆಸುವ ಎರಡು ವರ್ಷದ ಅರ್ಥಶಾಸ್ತ್ರದ ಎಂ.ಎಸ್. ತರಗತಿಗೆ ಯಾವ ಪದವೀಧರರಾದರೂ ಅರ್ಜಿ ಹಾಕಬಹುದು, ಆದರೆ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಬೇಕು. ಹೀಗಾಗಿ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಇಂಜಿನಿಯರಿಂಗ್ ಸೀಟು ಸಿಗದವರು ತಮ್ಮ ಎರಡು ವರ್ಷ ವ್ಯರ್ಥವಾಯಿತೆಂದು ಕೊರಗಬೇಕಾಗಿಲ್ಲ. ಅರ್ಥಶಾಸ್ತ್ರಕ್ಕೆ ಅದು ಒಳ್ಳೆಯ ತಯಾರಿ. ವಾಣಿಜ್ಯ ವಿಭಾಗದವರು ಬೇಸಿಕ್ ಮ್ಯಾತ್ಸ್ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಕೇಳಿ ಪಡೆಯುವುದು ಲೇಸು. ಆದರೆ ಬೇಸಿಕ್ ಮ್ಯಾತ್ಸನ್ನು ಎಲ್ಲ ಕಡೆ ಪೂರ್ಣ ಗಣಿತವೆಂದು ಒಪ್ಪುತ್ತಾರೆಯೇ ಎಂಬುದನ್ನು ಮೊದಲೇ ಬರೆದು ಕೇಳಿ ತಿಳಿದುಕೊಳ್ಳಬೇಕು.

ಪದವಿಯ ಹಂತದಲ್ಲಿ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಬಿ.ಎ. ತರಗತಿಗೆ ಇತಿಹಾಸ, ರಾಜ್ಯಶಾಸ್ತ್ರಗಳ ಜೊತೆ ಅರ್ಥಶಾಸ್ತ್ರ ಸೇರಿಸಿಕೊಳ್ಳುವುದು ಹಳೆಯ ರೂಢಿ. ಕೆಲವು ಕಾಲೇಜುಗಳಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮೂರನ್ನೂ ಕೂಡಿಸಿ ಓದುವ ಅನುಕೂಲವಿದೆ. ಮುಂದೆ ಇದೇ ಶಾಸ್ತ್ರದಲ್ಲಿ ಮುಂದುವರಿಯಬೇಕೆಂಬ ಮಕ್ಕಳಿಗೆ ಎರಡನೆಯದೇ ಮೇಲು ಎಂಬುದರಲ್ಲಿ ಸಂಶಯವಿಲ್ಲ, ಹತ್ತಿರದ ಪಟ್ಟಣ ಬಿಟ್ಟು ಸ್ವಲ್ಪ ದೂರ ಹೋಗಬೇಕಾಗಿ ಬಂದರೂ ಸರಿ.

ಇನ್ನು ವಿಶೇಷ ವಿಭಾಗಗಳು. ಸಾಮಾನ್ಯವಾಗಿ ಎಂ.ಎ.ಯ ಎರಡನೆಯ ವರ್ಷದಲ್ಲಿ ಐಚ್ಛಿಕ ಪತ್ರಿಕೆಗಳ ಮೂಲಕ ಇವನ್ನು ಆರಿಸಿಕೊಳ್ಳಬೇಕಾಗುತ್ತದೆ. ಹೆಸರುಗಳು ದೊಡ್ಡವಾಗಿದ್ದರೂ ಒಳಗಿನ ವಿಷಯ ನಮಗೆ ಅಪರಿಚಿತವಲ್ಲ.

ಕೃಷಿ ಅರ್ಥಶಾಸ್ತ್ರವನ್ನೇ ಮೊದಲು ನೋಡೋಣ. ಧಾರಣೆ ಏರಿದಾಗ ಎಲ್ಲರೂ ಅಡಿಕೆ ಸಸಿ ನೆಡುತ್ತಾರೆ. ಸಸಿ ಫಲಕ್ಕೆ ಬರಲು ಐದರಿಂದ ಏಳು ವರ್ಷ ಬೇಕು. ಕಾಫಿಗೆ ಮೂರು-ನಾಲ್ಕು ವರ್ಷ. ಅಷ್ಟು ವರ್ಷ ಪೇಟೆಗೆ ಹೆಚ್ಚಿನ ಮಾಲು ಬಾರದ ಕಾರಣ ಧಾರಣೆ ಗಟ್ಟಿಯಾಗಿಯೇ ನಿಲ್ಲುತ್ತದೆ, ಅದನ್ನು ಕಂಡು ಇನ್ನಷ್ಟು ಜನ ನೆಡುತ್ತಾರೆ. ಬಳಿಕ ಎಲ್ಲ ತೋಟಗಳೂ ಒಟ್ಟಿಗೆ ಫಸಲು ಕೊಡತೊಡಗುತ್ತವೆ. ಧಾರಣೆ ಇಳಿದರೂ ಮರ ಕಡಿಯಲು ಯಾರಿಗೂ ಮನಸ್ಸಾಗುವುದಿಲ್ಲ. ಹಿಂದಿನ ವರ್ಷದ ಬೆಲೆ ನೋಡಿ ಮುಂದಿನ ಬೆಳೆ ನಿರ್ಧರಿಸುವುದರಿಂದ ಹುಟ್ಟುವ ಈ ಏರಿಳಿತವನ್ನು 1938ರಲ್ಲಿ ಅಮೆರಿಕದ ಮೊರ್ಡೆಕಾಯ್ ಎಜೆಕಿಯಲ್ ಎಂಬ ಕೃಷಿ ಅರ್ಥಶಾಸ್ತ್ರಜ್ಞ ಕ್ರಮಬದ್ಧವಾಗಿ ವಿವರಿಸಿದರು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಜೇಡರಬಲೆ ಸಿದ್ಧಾಂತವೆಂದು ಹೆಸರು, ಏಕೆಂದರೆ ಕಾಗದದ ಮೇಲೆ ಗೆರೆ ಎಳೆದರೆ ಜೇಡರಬಲೆಯಂತೆಯೇ ಕಾಣುತ್ತದೆ. ಬಹುವಾರ್ಷಿಕ ಬೆಳೆಗಳಲ್ಲಿ ಬಲೆಯ ಸುತ್ತು ಇನ್ನೂ ದೊಡ್ಡದು. ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಬಯಲಿನಲ್ಲಿ ಅಡಿಕೆ ತೋಟ ಹಬ್ಬಿರುವುದನ್ನು ಕಂಡವರಿಗೆ ಈ ಪಾಠವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಲೆಕ್ಕವನ್ನು ಬೆಳೆಗಾರರ ಪರವಾಗಿ ಮೊದಲೇ ಹಾಕಿ ಹೇಳಬಲ್ಲವರು ಬಹಳ ಕಡಿಮೆ ಇದ್ದಾರೆ.

ಆದರೆ ಇಲ್ಲಿ ಒಂದು ಕವಲಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ (ಸ್ಥಾಪನೆ 1964) ಮತ್ತು ಅಂಥ ಇತರ ವಿಶ್ವವಿದ್ಯಾಲಯಗಳಲ್ಲಿ ಕೃಷಿ ಅರ್ಥಶಾಸ್ತ್ರದ ಎಂ.ಎಸ್‌ಸಿ.ಗೆ ಸೇರಲು ಸಾಮಾನ್ಯವಾಗಿ ಬಿ.ಎಸ್‌ಸಿ. ಕೃಷಿ ಅಥವಾ ಅದಕ್ಕೆ ಸಮಾನವಾದ ಪದವಿ ಬೇಕು. ಅದಕ್ಕೆ ಪಿ.ಯು.ಸಿ.ಯಲ್ಲಿ ವಿಜ್ಞಾನ, ಜೀವಶಾಸ್ತ್ರ ಸಹಿತ, ಓದಿರಬೇಕು. ರಾಜ್ಯದ ಪ್ರವೇಶ ಪರೀಕ್ಷೆಯಲ್ಲಿ ಕೃಷಿಕರ ಮಕ್ಕಳಿಗೆಂದು ಪ್ರತ್ಯೇಕ ಸೀಟುಗಳೂ ಪ್ರಾಯೋಗಿಕ ಪರೀಕ್ಷೆಯೂ ಇವೆ. ನಮ್ಮ ಮಕ್ಕಳು ಇದನ್ನು ಬಿಟ್ಟುಕೊಡಬಾರದು. ಕಲಾ ವಿಭಾಗದಿಂದ ಬಂದವರು ಸಾಮಾನ್ಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಾ ಕೃಷಿಯನ್ನು ಐಚ್ಛಿಕವಾಗಿ ತೆಗೆದುಕೊಳ್ಳಬಹುದು. ಎರಡೂ ಒಂದೇ ಹೆಸರಿನ ವಿದ್ಯೆಯಾದರೂ ದಾರಿ ಬೇರೆ, ಉದ್ಯೋಗದ ಅರ್ಹತೆಯೂ ಬೇರೆ.

ಅಂತರರಾಷ್ಟ್ರೀಯ ವ್ಯಾಪಾರ ಎಂಬ ವಿಭಾಗದ ಮಹತ್ವವನ್ನು ಕಾಫಿ ಬೆಳೆಗಾರರಿಗೆ ಹೇಳುವುದೇ ಬೇಡ. 1975ರ ಜುಲೈಯಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಸುಟ್ಟುಹೋದಾಗ 1977ರ ವೇಳೆಗೆ ಜಗತ್ತಿನ ಕಾಫಿ ಬೆಲೆ ಗಗನಕ್ಕೇರಿತು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಮೂಲಕ ಆರಂಭವಾದ ರಫ್ತು ಕೋಟಾ ಪದ್ಧತಿ 1989ರ ಜುಲೈಯಲ್ಲಿ ಮುರಿದುಬಿದ್ದಾಗ ಬೆಲೆ ಅಷ್ಟೇ ತೀವ್ರವಾಗಿ ಕುಸಿಯಿತು. ನಮ್ಮಲ್ಲಿ 1942ರ ಕಾನೂನಿನ ಮೇರೆಗೆ ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿದ್ದ ವ್ಯವಸ್ಥೆ 1990ರ ದಶಕದ ಮೊದಲ ಭಾಗದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ಣ ಮುಕ್ತ ಮಾರಾಟಕ್ಕೆ ಬಂದಿತು. ಪೂಲ್ ಇದ್ದಾಗ ಬೆಳೆಗಾರ ಮಂಡಳಿಯ ಪಾಯಿಂಟಿನ ಲೆಕ್ಕ ತಿಳಿದಿದ್ದರೆ ಸಾಕಾಗಿತ್ತು. ಇಂದು ನ್ಯೂಯಾರ್ಕಿನ ಅರೇಬಿಕಾ, ಲಂಡನ್ನಿನ ರೊಬಸ್ಟಾ, ಡಾಲರಿನ ವಿನಿಮಯ ದರ ಮೂರೂ ಸೇರಿ ಕಣದಲ್ಲಿ ಒಣಗುತ್ತಿರುವ ಚೆರಿಯ ಬೆಲೆ ಕಟ್ಟುತ್ತವೆ. ನ್ಯೂಯಾರ್ಕಿನಲ್ಲಿ ಪೌಂಡಿಗೆ ಇಷ್ಟು ಸೆಂಟ್, ಲಂಡನ್ನಿನಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ಹೇಳುವ ಬೆಲೆಯನ್ನು 50 ಕಿಲೋ ಚೀಲಕ್ಕೆ, ಅದರಲ್ಲಿಯೂ ಔಟ್‌ಟರ್ನ್ ಲೆಕ್ಕ ಹಾಕಿ, ಇಳಿಸಿ ತೋರಿಸಬಲ್ಲ ಒಬ್ಬ ಯುವಕನಿದ್ದರೆ ಒಂದು ಊರಿಗೇ ಉಪಕಾರ.

ಅರ್ಥಮಿತಿ, ಅಂದರೆ ಎಕನಾಮೆಟ್ರಿಕ್ಸ್, ಅತ್ಯಂತ ಕಠಿಣವೆಂದು ಹೆಸರಾದ ವಿಭಾಗ. ಇದರ ಕೆಲಸ ಅಂಕಿ-ಅಂಶಗಳಿಂದ ನಿಜವಾದ ಕಾರಣವನ್ನು ಬೇರ್ಪಡಿಸುವುದು. ಹೂಮಳೆ ಬಾರದ ವರ್ಷ ಸ್ಪ್ರಿಂಕ್ಲರ್ ಇದ್ದವರ ರೊಬಸ್ಟಾ ತೋಟದಲ್ಲಿ ಎಕರೆಗೆ ಹೆಚ್ಚು ಚೀಲ ಬಂದಿತು ಎನ್ನೋಣ. ಹೆಚ್ಚಳವೆಲ್ಲ ಸ್ಪ್ರಿಂಕ್ಲರಿನಿಂದಲೇ ಬಂದಿತೇ? ಸ್ಪ್ರಿಂಕ್ಲರ್ ಹಾಕಿಸಬಲ್ಲವರು ಗೊಬ್ಬರವನ್ನೂ ಕಾಲಕ್ಕೆ ಸರಿಯಾಗಿ ಹಾಕಿರುತ್ತಾರೆ, ಅವರಿಗೆ ಕೆರೆಯೂ ಇರುತ್ತದೆ, ಕೆಲಸದವರೂ ಸಿಗುತ್ತಾರೆ. ಇವನ್ನೆಲ್ಲ ಕಳೆದ ಮೇಲೆ ನೀರಿನ ಪಾಲು ಎಷ್ಟು? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ಸಾಲ ಮಾಡಿ ಪಂಪು, ಪೈಪು ಕೊಂಡ ಸಣ್ಣ ಬೆಳೆಗಾರ ಕಷ್ಟಕ್ಕೆ ಸಿಲುಕಬಹುದು. ಈ ವಿದ್ಯೆ ಕೈಗೂಡಿದವರಿಗೆ ಬ್ಯಾಂಕು, ವಿಮೆ, ಸಂಶೋಧನಾ ಸಂಸ್ಥೆ, ಗಣಕ ಕಂಪೆನಿ ಎಲ್ಲೆಡೆಯೂ ಬೇಡಿಕೆ ಇದೆ. ಒಂದೇ ವಿಭಾಗ ಆರಿಸಿ ಎಂದು ಯಾರಾದರೂ ಒತ್ತಾಯಿಸಿದರೆ ನಮ್ಮ ಮತ ಇದಕ್ಕೇ. ಅರ್ಥಮಿತಿ ಕಲಿತವನು ಮುಂದೆ ಕೃಷಿಗೂ ವ್ಯಾಪಾರಕ್ಕೂ ಹೊರಳಬಹುದು. ಅದಿಲ್ಲದೆ ಅವುಗಳಲ್ಲಿ ಹೆಚ್ಚು ದೂರ ಹೋಗುವುದು ಕಷ್ಟ.

ಪೇಟೆ ಮತ್ತು ಸಂಸ್ಥೆಗಳ ಅಧ್ಯಯನ ಇನ್ನೊಂದು ಶಾಖೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬವರು ಒಂದು ಸಣ್ಣ ಲೇಖನ ಬರೆದರು. ಮಾಲಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ ಎಂದಾದರೆ, ಕೊಳ್ಳುವವನು ಎಲ್ಲಕ್ಕೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ, ಒಳ್ಳೆಯ ಮಾಲಿನವನು ಪೇಟೆಯಿಂದಲೇ ಹಿಂದೆ ಸರಿಯುತ್ತಾನೆ ಎಂಬುದು ಅದರ ಸಾರ. ಇದಕ್ಕಾಗಿ 2001ರಲ್ಲಿ ಅವರಿಗೆ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಪಟೋರವನ್ನು ಹೊಸ ಚಾಲಿಯೊಡನೆ ಬೆರೆಸಿ ತರುವವರಿಂದ ಯಾರಿಗೆ ನಷ್ಟ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ವಿವರಣೆ ಇಲ್ಲ. ಸಹಕಾರಿ ಸಂಘದಲ್ಲಿ ಅಡಿಕೆಯನ್ನು ಆಯ್ದು ದರ್ಜೆ ಕಟ್ಟುವುದೇಕೆ ಎಂಬುದಕ್ಕೂ ಉತ್ತರ ಅಲ್ಲಿದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಬಿದ್ದ ಮೇಲೆ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ ಕತೆಯನ್ನು ಈ ದೃಷ್ಟಿಯಿಂದ ಓದಿದರೆ ಅದೊಂದು ಪೂರ್ಣ ಪಾಠವಾದೀತು.

ಪರಿಸರ ಅರ್ಥಶಾಸ್ತ್ರವೂ ಈಚೆಗೆ ಬೆಳೆದ ವಿಭಾಗ. ಸಾಮೂಹಿಕ ಮೀನುಗಾರಿಕೆ, ನೀರು, ಹುಲ್ಲುಗಾವಲುಗಳನ್ನು ಬಳಸುವ ಜನರೇ ತಮ್ಮ ಕಟ್ಟುಪಾಡುಗಳಿಂದ ಉಳಿಸಿಕೊಳ್ಳಬಲ್ಲರೇ ಎಂದು ಊರೂರು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಂ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಸೊಪ್ಪಿನ ಬೆಟ್ಟ, ಕುಮ್ಕಿ, ಬಾಣೆಗಳ ನಡುವೆ ಬದುಕುವ ನಮಗೆ ಈ ವಿದ್ಯೆ ಬಲು ಹತ್ತಿರದ್ದು. ಸಾರ್ವಜನಿಕ ಹಣಕಾಸು ವಿಭಾಗದಲ್ಲಿ ತೆರಿಗೆ, ಸಹಾಯಧನ, ಆಯವ್ಯಯಗಳ ಅಧ್ಯಯನವಿದೆ. ಆರೋಗ್ಯ ಅರ್ಥಶಾಸ್ತ್ರವೆಂಬುದೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಈ ವಿಷಯ ನಮ್ಮ ಕಿವಿಗೆ ಹಿತವಲ್ಲ. ಆದರೂ ಅಡಿಕೆಯ ಭವಿಷ್ಯದ ಚರ್ಚೆ ನಡೆಯುವ ಸಭೆಗಳಲ್ಲಿ ಎರಡೂ ಕಡೆಯ ಲೆಕ್ಕ ಬಲ್ಲ, ತೋಟದ ಮನೆಯಲ್ಲಿ ಬೆಳೆದ ಒಬ್ಬಿಬ್ಬರು ಇರುವುದು ಅಗತ್ಯ. ಹಣಕಾಸು, ಬ್ಯಾಂಕಿಂಗ್ ವಿಭಾಗದ ಬಗ್ಗೆ ಬೇರೆ ಕಡೆ ಸಾಕಷ್ಟು ಮಾಹಿತಿ ಸಿಗುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಎಲ್ಲಿ ಓದಬೇಕು? ಮೈಸೂರಿನ ಮಾನಸಗಂಗೋತ್ರಿ, ಕೊಣಾಜೆಯ ಮಂಗಳಗಂಗೋತ್ರಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇವುಗಳಲ್ಲಿ ಎಂ.ಎ. ಅರ್ಥಶಾಸ್ತ್ರವಿದೆ, ಖರ್ಚು ನಮ್ಮ ಕೈಗೆ ಎಟಕುವಂಥದು. ಬೆಂಗಳೂರಿನಲ್ಲಿ ಅರ್ಥಶಾಸ್ತ್ರಕ್ಕೆಂದೇ 2017ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಆರಂಭವಾಗಿದೆ. ಹೊರರಾಜ್ಯದಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಪುಣೆಯ ಗೋಖಲೆ ಸಂಸ್ಥೆ (1930), ರಿಸರ್ವ್ ಬ್ಯಾಂಕ್ ಸ್ಥಾಪಿಸಿದ ಮುಂಬಯಿಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಹೆಸರುವಾಸಿಯಾದವು. ಪ್ರವೇಶ ಪರೀಕ್ಷೆ ಕಠಿಣ, ಆದರೆ ಅಂಥಲ್ಲಿ ಗುಣಕ್ಕೆ ಬೆಲೆ ಇದೆ. ದೆಹಲಿ ಸ್ಕೂಲನ್ನು 1949ರಲ್ಲಿ ಕಟ್ಟಿದ ಡಾ. ವಿ. ಕೆ. ಆರ್. ವಿ. ರಾವ್ ಅವರೇ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ. ಎಂ.ಎ. ಮುಗಿಸಿ ಪಿಎಚ್.ಡಿ. ಮಾಡಬಯಸುವವರು ನಾಗರಭಾವಿಯ ಈ ಸಂಸ್ಥೆಯನ್ನು ಗಮನದಲ್ಲಿಡಬೇಕು. ಗ್ರಾಮೀಣ ಬದಲಾವಣೆಯ ಅಧ್ಯಯನಕ್ಕೆ ಅಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ಸಹಕಾರಿ ರಂಗದಲ್ಲಿಯೇ ದುಡಿಯಬೇಕೆನ್ನುವವರಿಗೆ ಡಾ. ಕುರಿಯನ್ ಅವರು 1979ರಲ್ಲಿ ಆನಂದದಲ್ಲಿ ಸ್ಥಾಪಿಸಿದ ಗ್ರಾಮೀಣ ನಿರ್ವಹಣಾ ಸಂಸ್ಥೆ ಇದೆ; 2025ರ ಕಾನೂನಿನ ಮೂಲಕ ಅದು ತ್ರಿಭುವನ ಸಹಕಾರಿ ವಿಶ್ವವಿದ್ಯಾಲಯವಾಗಿದೆ.

ಉದ್ಯೋಗದ ವಿಚಾರದಲ್ಲಿ ಉತ್ಪ್ರೇಕ್ಷೆ ಬೇಡ. ಬಿ.ಎ. ಅರ್ಥಶಾಸ್ತ್ರವೊಂದರಿಂದಲೇ ತಕ್ಷಣ ಕೆಲಸ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ವಿದ್ಯೆಯ ಫಲ ಎಂ.ಎ. ಮುಗಿದ ಮೇಲೆ, ಅಡಿಕೆ ಮರದಂತೆ ತಡವಾಗಿಯೇ ಬರುವುದು. ಸ್ನಾತಕೋತ್ತರ ಪದವೀಧರರಿಗೆ 1961ರಲ್ಲಿ ಆರಂಭವಾದ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆ ಇದೆ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಇದಕ್ಕೆ ವಯಸ್ಸು 21ರಿಂದ 30, ನಿಯಮದಂತೆ ರಿಯಾಯಿತಿ ಉಂಟು; ಜಾಗಗಳು ಮಾತ್ರ ಬಹಳ ಕಡಿಮೆ. ರಿಸರ್ವ್ ಬ್ಯಾಂಕ್ ತನ್ನ ಆರ್ಥಿಕ ಸಂಶೋಧನಾ ವಿಭಾಗಕ್ಕೆ ಎಂ.ಎ. ಆದವರನ್ನು ಪ್ರತ್ಯೇಕವಾಗಿ ಆರಿಸುತ್ತದೆ. ನಬಾರ್ಡ್, ವಾಣಿಜ್ಯ ಬ್ಯಾಂಕುಗಳು, ಕಾಲೇಜು ಅಧ್ಯಾಪನ, ಖಾಸಗಿ ಕಂಪೆನಿಗಳ ಅಂಕಿ-ಅಂಶ ವಿಭಾಗ ಉಳಿದ ದಾರಿಗಳು.

ಆಯ್ಕೆ ಮಾಡುವಾಗ ಕೋರ್ಸಿನ ಹೆಸರಿಗೆ ಮರುಳಾಗಬಾರದು. "ಅನ್ವಯಿಕ", "ವ್ಯವಹಾರ", "ಜಾಗತಿಕ" ಎಂಬ ವಿಶೇಷಣ ಅಂಟಿಸಿ ಹೆಚ್ಚು ಶುಲ್ಕ ಕೇಳುವ ಕಡೆ ಪಠ್ಯಕ್ರಮದ ಪ್ರತಿ ತರಿಸಿಕೊಂಡು ನೋಡಿ. ಮೊದಲ ಎರಡು ವರ್ಷಗಳಲ್ಲಿ ಗಣಿತ, ಸಂಖ್ಯಾಶಾಸ್ತ್ರದ ಪತ್ರಿಕೆಗಳು ಇಲ್ಲದಿದ್ದರೆ ಹೆಸರು ಏನೇ ಇದ್ದರೂ ಒಳಗೆ ತಿರುಳಿಲ್ಲ, ಗೊರಬಲು ಎಂದೇ ತಿಳಿಯಿರಿ. ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಹತ್ತು ಹೆಸರು ಅಚ್ಚಾಗಿದ್ದರೂ ಆ ವರ್ಷ ನಿಜವಾಗಿ ಪಾಠ ನಡೆಯುವುದು ಎಷ್ಟರದು, ಕಲಿಸುವ ಅಧ್ಯಾಪಕರು ಇದ್ದಾರೆಯೇ ಎಂಬುದನ್ನು ಈಗ ಅಲ್ಲಿ ಓದುತ್ತಿರುವ ವಿದ್ಯಾರ್ಥಿಗಳಿಂದಲೇ ವಿಚಾರಿಸಿಕೊಳ್ಳಿ. ಹದಿನೆಂಟನೆಯ ವಯಸ್ಸಿಗೇ ವಿಶೇಷ ವಿಭಾಗ ನಿಶ್ಚಯಿಸುವ ಅವಸರವೂ ಬೇಡ. ಬುನಾದಿ ಗಟ್ಟಿಯಾಗಿದ್ದರೆ ಎಂ.ಎ.ಯ ಮೊದಲ ವರ್ಷ ಮುಗಿಯುವಾಗ ಮಗುವಿಗೇ ತನ್ನ ಒಲವು ತಿಳಿದಿರುತ್ತದೆ.

"ಇಷ್ಟೆಲ್ಲ ಓದಿ ಊರಿಗೆ ಬಾರದಿದ್ದರೆ ತೋಟ ನೋಡುವವರು ಯಾರು?" ಎಂಬ ಹಿರಿಯರ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಒಂದೇ ಉತ್ತರವಿಲ್ಲ. ಇಂಜಿನಿಯರಿಂಗ್ ಓದಿದವರೂ ಬಂದಿಲ್ಲ, ಏನೂ ಓದದವರೂ ಪಟ್ಟಣ ಸೇರಿದ್ದಾರೆ. ಈ ಶಾಸ್ತ್ರಕ್ಕೆ ಒಂದು ಅನುಕೂಲವಿದೆ. ತೋಟದ ಹತ್ತು ವರ್ಷದ ಖರ್ಚು-ಉತ್ಪತ್ತಿ ಬರೆದಿಟ್ಟ ಮನೆಯಿದ್ದರೆ ಅದೇ ವಿದ್ಯಾರ್ಥಿಗೆ ಎಂ.ಎ. ಪ್ರಬಂಧದ ಸಾಮಗ್ರಿಯಾಗಬಲ್ಲದು. ಸಂಘದ ಹಳೆಯ ಧಾರಣೆ ಪಟ್ಟಿಗಳನ್ನು ಕೇಳಿ ಪಡೆಯಬಹುದು. ಮನೆಯ ಮಳೆ ಲೆಕ್ಕದ ಪುಸ್ತಕವನ್ನು ಯಾರೂ ರದ್ದಿಗೆ ಹಾಕದಿರಲಿ.

ಪಿ.ಯು.ಸಿ.ಯಲ್ಲಿ ಗಣಿತ ಬಿಟ್ಟು ಈಗ ಚಿಂತಿಸುತ್ತಿರುವವರಿಗೆ ಒಂದು ಸೂಚನೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯ ಗಣಿತವೊಂದನ್ನೇ ಹೆಚ್ಚುವರಿ ವಿಷಯವಾಗಿ ತೆಗೆದುಕೊಂಡು ಪರೀಕ್ಷೆ ಬರೆಯಲು ಅವಕಾಶವಿದೆ. ಹಣ ಕಟ್ಟುವ ಮೊದಲು, ತಾವು ಸೇರಬಯಸುವ ವಿಶ್ವವಿದ್ಯಾಲಯ ಆ ಅಂಕಪಟ್ಟಿಯನ್ನು ಒಪ್ಪುತ್ತದೆಯೇ ಎಂದು ಅಲ್ಲಿಯ ಪ್ರವೇಶ ವಿಭಾಗಕ್ಕೆ ಬರೆದು, ಲಿಖಿತ ಉತ್ತರ ಪಡೆದು ಇಟ್ಟುಕೊಳ್ಳತಕ್ಕದ್ದು.